ಕತ್ತಿಯವನ ಸರದಿ

ಐವರು ಗೆಳೆಯರು ಸೇರಿ ವಾರಕ್ಕೊಮ್ಮೆ ಆಡುತ್ತಿದ್ದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ಹದಿನೈದನೆಯ ಹಂತ ಮುಟ್ಟಿತ್ತು. ಕಥೆ ಹೇಳಿ ಆಟ ನಡೆಸುವ ಹೊಣೆ ನನ್ನದು. ಮೂರು ಸುತ್ತಿನ ಕೋಟೆಯೊಂದನ್ನು ಕಷ್ಟಪಟ್ಟು ಕಟ್ಟಿಕೊಂಡು ಹೋಗಿದ್ದೆ. ನಮ್ಮ ಮಂತ್ರವಾದಿ ಒಂದು ಮಂತ್ರದಿಂದ ಕೋಟೆಯ ಒಳಗನ್ನು ನೋಡಿದ, ಇನ್ನೊಂದರಿಂದ ಎಲ್ಲರನ್ನೂ ನೇರ ಒಡೆಯನ ಕೋಣೆಗೇ ಸಾಗಿಸಿದ, ಮೂರನೆಯದರಿಂದ ಆ ಒಡೆಯನನ್ನು ಕಟ್ಟಿಹಾಕಿದ. ಯೋಧನ ಸರದಿ ಬಂದಾಗ ಆ ಪಾತ್ರದ ಗೆಳೆಯ ದಾಳವನ್ನು ಕೈಗೆತ್ತಿಕೊಳ್ಳಲೇ ಇಲ್ಲ. “ನನ್ನದು ಬಿಡು ಮಾರಾಯ, ಅವನೇ ಮುಗಿಸಲಿ” ಎಂದು ಚಹಾ ಮಾಡಲು ಎದ್ದು ಹೋದ. ಮುಂದಿನ ವಾರ ಅವನು ಬರಲಿಲ್ಲ.

ತಪ್ಪು ನನ್ನದೋ ನಿಯಮದ್ದೋ ಎಂಬ ಪ್ರಶ್ನೆ ಹಿಡಿದು ಹಳೆಯ ನಿಯಮಪುಸ್ತಕಗಳನ್ನೆಲ್ಲ ತಿರುವಿಹಾಕಿದೆ. ಈ ಆಟವನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದಾಗ ಪಾತ್ರವರ್ಗಗಳು ಮೂರೇ: ಯೋಧ, ಮಂತ್ರವಾದಿ, ಪುರೋಹಿತ. ಮರುವರ್ಷ ಕಳ್ಳ ಸೇರಿಕೊಂಡ. ಮೊದಲ ಹಂತದ ಮಂತ್ರವಾದಿಗೆ ದಿನಕ್ಕೆ ಒಂದೇ ಮಂತ್ರ. ಅದನ್ನು ಆಡಿದೊಡನೆ ಅದು ಅವನ ನೆನಪಿನಿಂದ ಅಳಿಸಿಹೋಗುತ್ತದೆ. ಕರ್ಣನ ಶಕ್ತ್ಯಾಯುಧದ ಕಥೆ ಕೇಳಿ ಬೆಳೆದ ನಮಗೆ ಈ ಕಟ್ಟುಪಾಡು ವಿಚಿತ್ರವೇನಲ್ಲ. ಒಮ್ಮೆ ಮಾತ್ರ ಬಿಡಬಹುದಾದ ಅಸ್ತ್ರವನ್ನು ಯಾರ ಮೇಲೆ ಬಿಡಬೇಕು ಎಂಬ ಸಂಕಟವೇ ಅಲ್ಲಿ ಕಥೆ.

ಹಿಂದೆ ನಿಧಾನವಾಗಿ ಬೆಳೆದದ್ದಕ್ಕೆ ಮಂತ್ರವಾದಿಗೆ ಕೊನೆಯಲ್ಲಿ ಸಿಕ್ಕುವ ಕೂಲಿ ಆ ಬಲ ಎಂದು ಹಳಬರು ವಾದಿಸುತ್ತಾರೆ. ನಾನೂ ಬಹಳ ದಿನ ಹಾಗೆಯೇ ನಂಬಿದ್ದೆ. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನ ಕೋಷ್ಟಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಈ ನಂಬಿಕೆ ಅಲುಗಾಡಿತು. ಎರಡನೆಯ ಹಂತಕ್ಕೆ ಕಳ್ಳನಿಗೆ ಸುಮಾರು 1,250 ಅನುಭವದ ಅಂಕ ಸಾಕು, ಯೋಧನಿಗೆ 2,000 ಬೇಕು, ಮಂತ್ರವಾದಿಗೆ 2,500. ಇಲ್ಲಿಯವರೆಗೆ ಸರಿ. ಆದರೆ ಏಳನೆಯ ಹಂತಕ್ಕೆ ಯೋಧ 70,000 ದಾಟಬೇಕು, ಮಂತ್ರವಾದಿಗೆ 60,000 ದಾಟಿದರಾಯಿತು. ಎಂಟನೆಯದಕ್ಕೆ ಯೋಧನಿಗೆ 1,25,000, ಮಂತ್ರವಾದಿಗೆ 90,000. ಅಂದರೆ ಬಲ ಬರುವ ಹೊತ್ತಿಗೇ ಮಂತ್ರವಾದಿಯ ದಾರಿ ಹಗುರವಾಗುತ್ತಿತ್ತು.

ಹಾಗಾದರೆ ಹಳೆಯ ಆಟ ಯೋಧನನ್ನು ಹೇಗೆ ಉಳಿಸಿಕೊಂಡಿತು? ಉತ್ತರ ಅಂಕಗಳಲ್ಲಿಲ್ಲ. ಮಂತ್ರ ಪಠಿಸುತ್ತಿರುವವನಿಗೆ ಒಂದು ಪೆಟ್ಟು ಬಿದ್ದರೆ ಮಂತ್ರವೇ ಹಾಳು. ಆದ್ದರಿಂದ ಅವನ ಮುಂದೆ ಯಾರಾದರೂ ಗುರಾಣಿ ಹಿಡಿದು ನಿಲ್ಲಲೇಬೇಕಿತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒಂಬತ್ತನೆಯ ಹಂತದಲ್ಲಿ ಯೋಧ ‘ಲಾರ್ಡ್’ ಆಗಿ ಕೋಟೆ ಕಟ್ಟಬಹುದಿತ್ತು. ಸೈನಿಕರು ತಾವಾಗಿ ಬಂದು ಸೇರುತ್ತಿದ್ದರು, ಸೀಮೆಯ ಜನ ಕಂದಾಯ ಕೊಡುತ್ತಿದ್ದರು. ಮಂತ್ರವಾದಿಗೆ ಮಂತ್ರವಿದ್ದರೆ ಯೋಧನಿಗೆ ನಾಡಿತ್ತು.

2000ದಲ್ಲಿ ಬಂದ ಮೂರನೆಯ ಆವೃತ್ತಿ ಎಲ್ಲ ವರ್ಗಗಳಿಗೂ ಒಂದೇ ಕೋಷ್ಟಕ ಹಾಕಿತು. ನೋಡಲು ನ್ಯಾಯವಾದ ಏರ್ಪಾಡು. ಆದರೆ ಯೋಧನ ಕೋಟೆ, ಸೈನ್ಯದ ಹಕ್ಕು ಅವನ ವರ್ಗದಿಂದ ಕಳಚಿತು. ಐದಡಿಗಿಂತ ಹೆಚ್ಚು ಸರಿದರೆ ಯೋಧನಿಗೆ ಸಾಮಾನ್ಯವಾಗಿ ಒಂದೇ ಏಟು. ಮಂತ್ರವಾದಿ ಮೂವತ್ತಡಿ ನಡೆದೂ ತನ್ನ ದೊಡ್ಡ ಮಂತ್ರವನ್ನು ಆಡಬಲ್ಲ. ಕಳ್ಳ ವರ್ಷಗಟ್ಟಲೆ ಕಲಿತ ಬೀಗ ತೆಗೆಯುವ ವಿದ್ಯೆಯನ್ನು ಎರಡನೆಯ ದರ್ಜೆಯ ಒಂದು ಮಂತ್ರ ಮಾಡಿ ಮುಗಿಸುತ್ತದೆ. ಸಮಾನತೆಯ ಹೆಸರಿನಲ್ಲಿ ಒಬ್ಬನ ಕಟ್ಟುಗಳನ್ನು ಸಡಿಲಿಸಿ ಇನ್ನೊಬ್ಬನ ಆಸ್ತಿಯನ್ನು ಕಿತ್ತುಕೊಂಡಂತಾಯಿತು.

2008ರ ನಾಲ್ಕನೆಯ ಆವೃತ್ತಿ ಈ ರೋಗಕ್ಕೆ ಖಾರವಾದ ಮದ್ದನ್ನೇ ಅರೆಯಿತು. ಯೋಧನಿಗೂ ಮಂತ್ರವಾದಿಗೂ ಒಂದೇ ಅಚ್ಚಿನ ಶಕ್ತಿಗಳು: ಬೇಕೆಂದಾಗ ಬಳಸುವವು, ಕಾಳಗಕ್ಕೊಮ್ಮೆ ಬಳಸುವವು, ದಿನಕ್ಕೊಮ್ಮೆ ಬಳಸುವವು. ಲೆಕ್ಕ ಸರಿಹೋಯಿತು. ಎಲ್ಲರೂ ಒಂದೇ ಥರ ಕಾಣುತ್ತಾರೆಂದು ಅನೇಕರು ಮುನಿಸಿಕೊಂಡು, 2009ರಲ್ಲಿ ಹಳೆಯ ನಿಯಮಗಳನ್ನೇ ಮುಂದುವರಿಸಿ ಬಂದ ‘ಪಾತ್‌ಫೈಂಡರ್’ ಕಡೆಗೆ ಹೊರಳಿದರು. 2014ರ ಐದನೆಯ ಆವೃತ್ತಿ ನಡುದಾರಿ ಹಿಡಿಯಿತು. ಏಕಾಗ್ರತೆ ಬೇಡುವ ಮಂತ್ರಗಳಲ್ಲಿ ಒಂದು ಹೊತ್ತಿಗೆ ಒಂದನ್ನು ಮಾತ್ರ ನಿಲ್ಲಿಸಿಕೊಳ್ಳಬಹುದು, ಪೆಟ್ಟು ಬಿದ್ದರೆ ಅದೂ ಕೈತಪ್ಪಬಹುದು. ಒಳ್ಳೆಯ ನಿಯಮ. ಆದರೂ ಅಲ್ಲಿ ಇಪ್ಪತ್ತನೆಯ ಹಂತದ ಯೋಧನಿಗೆ ಸಿಕ್ಕುವುದು ನಾಲ್ಕು ಏಟು. ಮಂತ್ರವಾದಿಗೆ ಹದಿನೇಳನೆಯ ಹಂತದಲ್ಲೇ ‘ವಿಶ್’ ಸಿಗುತ್ತದೆ, ಬಯಸಿದ್ದನ್ನು ಬಾಯಿಬಿಟ್ಟು ಕೇಳುವ ಮಂತ್ರ.

ಇಲ್ಲಿಯೇ ನನಗೆ ನಮ್ಮ ಚರ್ಚೆಗಳ ದೋಷ ಕಾಣುತ್ತದೆ. ಒಂದು ಸುತ್ತಿನಲ್ಲಿ ಯಾರು ಎಷ್ಟು ಪೆಟ್ಟು ಕೊಡುತ್ತಾರೆ ಎಂದು ನಾವು ಕೂಡಿ ಕಳೆಯುತ್ತೇವೆ. ಆ ಲೆಕ್ಕದಲ್ಲಿ ಯೋಧ ಅಷ್ಟೇನೂ ಹಿಂದುಳಿದಿಲ್ಲ, ಕೆಲವೊಮ್ಮೆ ಮುಂದೆಯೇ ಇದ್ದಾನೆ. ಅವನು ಸೋಲುವುದು ಬೇರೆ ಕಡೆ. ಕತ್ತಿ ಎದುರಿಗಿರುವ ಶತ್ರುವನ್ನು ಮುಟ್ಟುತ್ತದೆ, ಮಂತ್ರ ಕಥೆಯನ್ನೇ ಮುಟ್ಟುತ್ತದೆ. ಎಲ್ಲಿಗೆ ಹೋಗಬೇಕು, ಸತ್ತವನು ಏಳಬೇಕೇ, ಗೋಡೆ ಗೋಡೆಯಾಗಿ ಉಳಿಯಬೇಕೇ ಎಂಬುದನ್ನೆಲ್ಲ ತೀರ್ಮಾನಿಸುವವನು ಒಬ್ಬನೇ ಆದರೆ, ಉಳಿದವರ ಏಟಿಗೆ ಇನ್ನೂ ಹತ್ತು ಅಂಕ ಸೇರಿಸಿ ಪ್ರಯೋಜನವಿಲ್ಲ. ಎಲ್ಲರಿಗೂ ಒಂದೇ ಅಚ್ಚು ಕೊಡುವುದೂ ಮದ್ದಲ್ಲ. ಯೋಧನಿಗೆ ಅವನದೇ ಆದ ದೊಡ್ಡತನ ಬೇಕು: ಅವನ ಮಾತಿಗೆ ಒಂದು ಪಡೆ ಏಳಬೇಕು, ಅವನ ಹೆಸರು ಕೇಳಿ ಒಂದು ಊರು ಬಾಗಿಲು ತೆರೆಯಬೇಕು. 1978ರ ಪುಸ್ತಕ ಕೋಷ್ಟಕದಲ್ಲಿ ಎಡವಿದರೂ ಈ ವಿಷಯವನ್ನು ಅರಿತಿತ್ತು.

ನಿಯಮದ ತಪ್ಪು ಇಷ್ಟು. ಉಳಿದದ್ದು ನನ್ನದು. ಕೋಟೆ ಕಟ್ಟುವಾಗ ನಾನು ಮಂತ್ರವಾದಿಯನ್ನು ತಡೆಯುವುದು ಹೇಗೆಂದು ಯೋಚಿಸಿದ್ದೆನೇ ಹೊರತು, ಯೋಧ ಅಲ್ಲಿ ಏನು ಮಾಡಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಆ ಗೆಳೆಯ ಈಗಲೂ ಮನೆಗೆ ಬರುತ್ತಾನೆ, ಚಹಾ ಕುಡಿಯುತ್ತಾನೆ, ಆಟಕ್ಕೆ ಮಾತ್ರ ಕೂರುವುದಿಲ್ಲ. ಹೊಸ ಆಟ ಶುರುಮಾಡುವಾಗಲೆಲ್ಲ ನಾನು, ಹತ್ತನೆಯ ಹಂತದ ಆಚೆ ಕತ್ತಿಯವನಿಗೆ ಏನು ಕೊಡುತ್ತೇನೆಂದು ಮೊದಲೇ ಬರೆದಿಟ್ಟುಕೊಳ್ಳುತ್ತೇನೆ.