ಬಲ ಬಂದದ್ದು ಎಲ್ಲಿಂದ?

ಕೊಕಟನೂರಿನ ನಮ್ಮ ಮನೆಯಲ್ಲಿ ಚಿಕ್ಕಪ್ಪನ ಮಗ ಮೊಬೈಲಿನಲ್ಲಿ 'ಒನ್ ಪೀಸ್' ಓದುತ್ತಾನೆ. ಎಯಿಚಿರೊ ಓಡಾ 1997ರಲ್ಲಿ ಆರಂಭಿಸಿದ, ಸಾವಿರ ಅಧ್ಯಾಯ ದಾಟಿಯೂ ನಡೆದೇ ಇರುವ ಜಪಾನಿನ ಚಿತ್ರಕಥೆ ಅದು. ಕಳೆದ ಸಲ ಊರಿಗೆ ಹೋದಾಗ ಅವನು ಕೇಳಿದ: "ಅಣ್ಣಾ, ಅಂವ ಮೊದಲಿಂದ ದೇವರ ಆಗಿದ್ರ, ಇಷ್ಟ ವರ್ಷ ಹೊಡ್ತ ತಿಂದದ್ದು ಯಾಕ?"

ಆ ಕೃತಿಯ ಬಗ್ಗೆ ಕೇಳಬಹುದಾದ ಅತಿ ಮುಖ್ಯ ಪ್ರಶ್ನೆ ಇದೇ ಅನಿಸಿತು.

ಕಥಾನಾಯಕ ಲೂಫಿ ಬಾಲ್ಯದಲ್ಲಿ ಒಂದು ಹಣ್ಣು ತಿಂದು ರಬ್ಬರಿನ ಮೈಯವನಾಗುತ್ತಾನೆ. ಅದಕ್ಕೆ ತೆತ್ತ ಬೆಲೆಯೆಂದರೆ, ಕಡಲ್ಗಳ್ಳರ ರಾಜನಾಗಬೇಕೆನ್ನುವವನಿಗೆ ಈಜು ಬಾರದು. ಮುಂದೆ ಅವನು 'ಗೇರ್ ಸೆಕೆಂಡ್' ಕಂಡುಕೊಳ್ಳುತ್ತಾನೆ. ಕಾಲನ್ನು ಪಂಪಿನಂತೆ ಒತ್ತಿ ರಕ್ತದ ಓಟ ಹೆಚ್ಚಿಸುವ ಈ ಉಪಾಯ ಹುಟ್ಟಿದ್ದು ಅವನ ಸೋಲಿನಿಂದ. ಅಓಕಿಜಿ ಎಂಬ ನೌಕಾಧಿಕಾರಿಯ ಮುಂದೆ ಸೋತ ಮೇಲೆ, ಇನ್ನೂ ಬಲಶಾಲಿಗಳು ಬಂದರೆ ಗೆಳೆಯರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಯೋಚಿಸಿ ಕಂಡುಕೊಂಡದ್ದು. 'ಗೇರ್ ಫೋರ್ತ್' ಬಳಸಿದರೆ ಹತ್ತು ನಿಮಿಷ ಅವನ ಹಾಕಿ, ಅಂದರೆ ಅಂತಃಶಕ್ತಿ, ಕೆಲಸ ಮಾಡುವುದಿಲ್ಲ. ಇಲ್ಲೆಲ್ಲ ಹೊಸ ಬಲದ ಜೊತೆಗೇ ಒಂದು ಸಾಲವೂ ಬರುತ್ತದೆ. ಓದುಗ ಒಪ್ಪುವುದು ಆ ಸಾಲವನ್ನು ನೋಡಿಯೇ.

2022ರಲ್ಲಿ ಬಂದ 1044ನೆಯ ಅಧ್ಯಾಯ ಈ ಲೆಕ್ಕವನ್ನು ಬದಲಿಸಿತು. ಲೂಫಿ ತಿಂದದ್ದು ರಬ್ಬರ್ ಹಣ್ಣಲ್ಲ, ಸೂರ್ಯದೇವತೆ ನಿಕಾನ ಹಣ್ಣು. ಸರಕಾರ ಅದರ ಹೆಸರನ್ನು ಮುಚ್ಚಿಟ್ಟಿತ್ತು ಎಂದು ತಿಳಿಯುತ್ತದೆ. ಬಿಳಿ ಕೂದಲ ಲೂಫಿ ನಗುತ್ತ, ನೆಲವನ್ನೇ ರಬ್ಬರಿನಂತೆ ಎಳೆದಾಡುತ್ತ ಕಾದುವ ಪುಟಗಳು ನಿಜಕ್ಕೂ ಚೆಲುವಾಗಿವೆ. ಗುಲಾಮರ ಬಿಡುಗಡೆಯ ದೇವರು ನಗುವವನಾಗಿರಬೇಕು ಎಂಬ ಕಲ್ಪನೆಯೂ ದೊಡ್ಡದು. ನನ್ನ ತಕರಾರು ಆ ರೂಪದ ಮೇಲಲ್ಲ, ಅದಕ್ಕೆ ಕೊಟ್ಟ ವಂಶಾವಳಿಯ ಮೇಲೆ.

ಹುಟ್ಟಿನ ಗುಟ್ಟು ಬಿಚ್ಚಿಡುವುದು ನಮ್ಮ ಕಾವ್ಯಗಳಿಗೂ ಹೊಸದಲ್ಲ. ಕುಮಾರವ್ಯಾಸನಲ್ಲಿ ಯುದ್ಧಕ್ಕೆ ಮುನ್ನ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು, ನೀನು ಕುಂತಿಯ ಮಗ ಎಂದು ಹೇಳುತ್ತಾನೆ. ಸೂತಪುತ್ರ ಸೂರ್ಯಪುತ್ರನಾಗುತ್ತಾನೆ. ಇಲ್ಲೂ ಸೂರ್ಯನೇ! ಆದರೆ ಆ ಸುದ್ದಿಯಿಂದ ಕರ್ಣನ ಬಲ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ, ಕುಗ್ಗುತ್ತದೆ. ತೊಟ್ಟ ಬಾಣವನ್ನು ಮರಳಿ ತೊಡುವುದಿಲ್ಲ ಎಂದು ಕುಂತಿಗೆ ಮಾತು ಕೊಡುತ್ತಾನೆ. ಸರ್ಪಾಸ್ತ್ರ ಗುರಿ ತಪ್ಪಿದಾಗ ಆ ಮಾತೇ ಅವನ ಕೈ ಕಟ್ಟುತ್ತದೆ. ಅರ್ಜುನನಿಗೆಂದು ಕಾದಿಟ್ಟ ಇಂದ್ರದತ್ತ ಶಕ್ತಿಯೂ ಅಷ್ಟೆ: ಒಂದೇ ಸಲ ಬಳಸಬಹುದಾದದ್ದು, ಘಟೋತ್ಕಚನ ಮೇಲೆ ಖರ್ಚಾಗಿ ಹೋಗುತ್ತದೆ. ಕುಲ ತಿಳಿದ ಮೇಲೂ ಕರ್ಣ ದುರ್ಯೋಧನನ ಪಕ್ಷ ಬಿಡದೆ ಇದ್ದದ್ದರಿಂದಲೇ ಅವನು ಕರ್ಣ.

ಓಡಾನ ಪರವಾಗಿ ಒಂದು ಮಾತಿದೆ. ಹಣ್ಣು ತಿಂದವರೆಲ್ಲ ನಿಕಾ ಆಗಲಾರರು. ಲೂಫಿ ಹೊಡೆತ ತಿಂದು ತಿಂದು ಆ ಹಣ್ಣನ್ನು ಎಚ್ಚರಿಸಿದ. ಇದನ್ನು ನಾನು ಅರ್ಧ ಒಪ್ಪುತ್ತೇನೆ. ಹಾಗಾದರೆ ದೇವರ ಹೆಸರು ಬೇಕಿರಲಿಲ್ಲವಲ್ಲ? ಬರೀ ರಬ್ಬರಿನ ಹುಡುಗನೊಬ್ಬ ನಗುತ್ತ ಇಷ್ಟು ದೂರ ಬಂದ ಎಂಬುದೇ ಹೆಚ್ಚು ದೊಡ್ಡ ಪವಾಡವಾಗುತ್ತಿತ್ತು. ಸಾಮಾನ್ಯನೊಬ್ಬ ಗೆದ್ದಾಗ 'ಅವನು ಮೊದಲೇ ದೊಡ್ಡ ಮನೆತನದವನು' ಎಂದು ಹೇಳಿ ಸಮಾಧಾನ ಪಡುವ ಚಾಳಿ ನಮ್ಮ ಊರುಗಳಲ್ಲೂ ಇದೆ. ಹುಟ್ಟನ್ನು ಮುಂದೆ ತಂದ ಕೂಡಲೇ ದುಡಿಮೆ ಹಿಂದೆ ಸರಿಯುತ್ತದೆ.

ತಮ್ಮನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. "ಹೊಡ್ತ ತಿಂದದ್ದು ಖರೇ, ದೇವರು ಆಮ್ಯಾಲ ಬಂದಾನ" ಎಂದೆ. ಅವನು ಸ್ವಲ್ಪ ಯೋಚಿಸಿ, ಮತ್ತೆ ಮೊದಲ ಅಧ್ಯಾಯ ತೆಗೆದ.