ಅರಮನೆಯ ದೀಪಕ್ಕೆ ಆಷಾಢದ ಆಕಾಶ

ಮೈಸೂರು ಅರಮನೆಯ ದೀಪಾಲಂಕಾರದ ಫೋಟೋ ತೆಗೆಯಬೇಕೆನ್ನುವವರೆಲ್ಲ ದಸರೆಗೇ ಹೊರಡುತ್ತಾರೆ. ಜಂಬೂ ಸವಾರಿ ನೋಡಲು ಬನ್ನಿ, ಬೇಡವೆಂದವರಾರು? ಆದರೆ ಅರಮನೆಯ ಒಂದು ಒಳ್ಳೆಯ ಚಿತ್ರ ಬೇಕೆಂದರೆ ಆಷಾಢದ ಭಾನುವಾರವೇ ಲೇಸು.

ಲೆಕ್ಕ ಸರಳ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನಗಳಲ್ಲಿ ದೀಪ ಹತ್ತುವುದು ಸಂಜೆ ಏಳಕ್ಕೆ. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೂರ್ಯ ಆರೂಕಾಲರ ಸುಮಾರಿಗೇ ಮುಳುಗಿರುತ್ತಾನೆ; ಏಳಕ್ಕೆ ಆಕಾಶ ಕಾಡಿಗೆ ಬಳಿದಂತೆ ಕಪ್ಪು. ಸುಮಾರು 97,000 ಬಲ್ಬುಗಳು ಒಟ್ಟಿಗೆ ಹತ್ತಿದರೂ ಚಿತ್ರದಲ್ಲಿ ಉಳಿಯುವುದು ಬಲ್ಬಿನ ಸಾಲುಗಳು ಮಾತ್ರ. ಬೂದು ಬಣ್ಣದ ಕಲ್ಲು, ಗುಲಾಬಿ ಗುಮ್ಮಟ, ನಡುಗಮಾನಿನ ಮೇಲಿನ ಗಜಲಕ್ಷ್ಮಿ ಎಲ್ಲ ಕತ್ತಲೆಯ ಪಾಲು. ಅದು ಬಲ್ಬುಗಳ ಫೋಟೋ, ಅರಮನೆಯದಲ್ಲ.

ಜೂನ್ ಕೊನೆ, ಜುಲೈ ಮೊದಲಲ್ಲಿ ಸೂರ್ಯ ಮುಳುಗುವುದೇ 6.50ರ ಆಚೆ. ಅರಮನೆಯ ಮುಖ ಪೂರ್ವಕ್ಕಿರುವುದರಿಂದ ಎದುರು ನಿಂತವರ ಕಣ್ಣು ಪಡುವಣಕ್ಕೆ. ಹಗಲಿನ ಕೊನೆಯ ಬೆಳಕು ಗುಮ್ಮಟಗಳ ಬೆನ್ನಿಗೇ ಉಳಿದಿರುತ್ತದೆ. ಸರಿಯಾಗಿ ಏಳಕ್ಕೆ ದೀಪ ಹತ್ತಿದಾಗ ಜನ ‘ಹೋ’ ಎನ್ನುತ್ತಾರೆ, ಫೋನುಗಳು ಮೇಲೇಳುತ್ತವೆ. ನೀವು ಸುಮ್ಮನಿರಿ. ಆಗಿನ್ನೂ ಆಕಾಶ ಬಿಳಿಚು, ದೀಪ ಪೇಲವ. ಏಳೂಕಾಲರ ಆಸುಪಾಸಿನಲ್ಲಿ ಮೇಲೆ ಗಾಢ ನೀಲಿ ಇಳಿಯುತ್ತದೆ. ಹಳದಿ ಬೆಳಕೂ ಕಲ್ಲಿನ ಕುಸುರಿಯೂ ಒಂದೇ ಚೌಕಟ್ಟಿನಲ್ಲಿ ಸಿಗುವುದು ಆ ಕೆಲವೇ ನಿಮಿಷ. ಮಳೆ ನಿಂತ ಸಂಜೆಯಾದರೆ ಮುಂದಿನ ಒದ್ದೆ ನೆಲದಲ್ಲೂ ಅರಮನೆ ಮೂಡುತ್ತದೆ. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬೇಡಿ, ಬಲ್ಬಿನ ಹಳದಿಯನ್ನೇ ಅದು ತೊಳೆದುಹಾಕುತ್ತದೆ, ಡೇಲೈಟ್‌ಗೆ ಇಡಿ. ಎಕ್ಸ್‌ಪೋಷರ್ ಒಂದು ಸ್ಟಾಪ್ ಕಡಿಮೆಯಿರಲಿ.

ಉದ್ಯಾನಕ್ಕೆ ಮಾತ್ರ ಬೆಳಗ್ಗೆ ಬರಬೇಕು. ಸಂಜೆ ದೀಪದ ಬೆಳಕಿಗೆ ಹುಲ್ಲುಹಾಸಿನ ಹಸಿರೆಲ್ಲ ಹಳದಿ. ಹತ್ತಕ್ಕೆ ಬಾಗಿಲು ತೆರೆದ ಕೂಡಲೇ ಒಳಹೊಕ್ಕರೆ ಕಟ್ಟಡದ ಮುಖಕ್ಕೆ ಬಿಸಿಲು ನೇರ ಬಿದ್ದಿರುತ್ತದೆ. ಮಧ್ಯಾಹ್ನ ಕಳೆದರೆ ಆ ಮುಖಕ್ಕೇ ನೆರಳು. ಎಲ್ಲರೂ ನಟ್ಟನಡುವೆ ನಿಂತು ತೆಗೆಯುತ್ತಾರೆ. ಹೂವಿನ ಪಾತಿಯ ಮಗ್ಗುಲಿಗೆ ಸರಿದು, ಕ್ಯಾಮೆರಾವನ್ನು ಮೊಣಕಾಲೆತ್ತರಕ್ಕೆ ಇಳಿಸಿದರೆ ಮುಂದಿನ ಜನಸಂದಣಿಯೂ ಗಿಡಗಳ ಹಿಂದೆ ಮರೆಯಾಗುತ್ತದೆ.

1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ರೂಪಿಸಿದ ಈ ಕಟ್ಟಡ ಮುಗಿದದ್ದು 1912ರಲ್ಲಿ. ಒಳಗೆ ಕಲ್ಯಾಣ ಮಂಟಪದ ನವಿಲಿನ ಬಣ್ಣದ ಗಾಜು, ಗ್ಲಾಸ್ಗೋದಿಂದ ಬಂದ ಎರಕದ ಕಂಬ, ಗೋಡೆಯ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳು ಇವೆ. ಅಲ್ಲಿ ನೂಕುನುಗ್ಗಲಿನಲ್ಲಿ ಕ್ಲಿಕ್ಕಿಸಿ ಫಲವಿಲ್ಲ, ಕಣ್ತುಂಬ ನೋಡಿ ಬನ್ನಿ.

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆಂದು ಮೈಸೂರಿಗೆ ಬಂದವರು ಇನ್ನೆರಡು ದಿನ ಉಳಿದುಕೊಳ್ಳಿ. ಟ್ರೈಪಾಡ್ ತರುವುದಿದ್ದರೆ ಒಪ್ಪಿಗೆ ಮೊದಲೇ ಕೇಳಿ. ದೀಪದ ವೇಳೆ ಬದಲಾಗುವುದೂ ಉಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.