ಜನತಾ ಕಳಚಿ ರೋಲೆಕ್ಸ್ ಕಟ್ಟಬೇಕೇ?

ಕಪಿಲೆಯ ದಡದ ಹುಲ್ಲಹಳ್ಳಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ವಾಚುಗಳ ಸಂಗ್ರಾಹಕ ದುಬಾರಿ ಸ್ವಿಸ್ ವಾಚಿಗೆ ಕೈಚಾಚುವ ಮುನ್ನ ಎಚ್‌ಎಂಟಿ ಜನತಾದ ಹಿಂಬದಿ ಮುಚ್ಚಳ ತೆಗೆಸಿ ನೋಡಬೇಕು.

1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ವಾಚು ತಯಾರಿಕೆಯ ಕೂಸು ಅದು. ಒಳಗೆ 17 ಜ್ಯುವೆಲ್‌ಗಳು, ಕೈಯಿಂದ ಕೊಡುವ ಕೀಲಿ, ಗಂಟೆಗೆ 18,000 ಬಡಿತ. ಅಂದರೆ ಸೆಕೆಂಡಿಗೆ ಐದು. ಇಂದಿನ ರೋಲೆಕ್ಸ್ ಸಬ್‌ಮರಿನರ್ ಸೆಕೆಂಡಿಗೆ ಎಂಟು ಬಾರಿ ಮಿಡಿಯುತ್ತದೆ, 300 ಮೀಟರ್ ನೀರಿನಾಳ ತಾಳುತ್ತದೆ.

ಆ ನಿಖರತೆ, ಆ ಗಟ್ಟಿತನ ಬೇಕೆನಿಸಿದರೆ ಧಾರಾಳವಾಗಿ ಕೊಳ್ಳಲಿ. ಜನತಾವನ್ನು ಮಾತ್ರ ಮಾರದಿರಲಿ.

ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಈಗ ಹಳೆಯ ಜನತಾ ಹುಡುಕುವವರು ಡಯಲ್ಲಿಗೆ ಹೊಸ ಬಣ್ಣ ಬಳಿದಿದೆಯೇ, ಒಮ್ಮೆ ಕೀಲಿ ಕೊಟ್ಟರೆ ಇಡೀ ದಿನ ಓಡುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕು.